ಅಣ್ಣಯ್ಯನೂ ನಾನೂ ಬೆನ್ನಿಗೆ ಚೀಲ ಹಾಕಿಕೊಂಡು ಮೊರಾಕ್ಕೊಗೆ ಹೋದದ್ದು

ನಾವು ಅಣ್ಣ ತಂಗಿ ಜೊತೆಯಾಗಿ ಎಲ್ಲಿಗೆ ಹೊರಟರೂ ಏನಾದರೊಂದು ಆಗದೆ ವಾಪಸ್ಸು ಬಂದದ್ದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಮೇಯಲು ಬಿಟ್ಟ ಎಮ್ಮೆ ಹುಡುಕಲು ಹೋಗಿ ಪಕ್ಕದೂರಿನವರ ಎಮ್ಮೆ ಹೊಡೆದುಕೊಂಡು ಬಂದಿದ್ದೆವು. ನಮ್ಮದು ಅಷ್ಟೊತ್ತಿಗೆ ತಾನೇ ಮನೆಗೆ ಬಂದು ಕೊಟ್ಟಿಗೆಯಲ್ಲಿ ನಿಂತಿತ್ತು.

ನಾನು ಹೊಸನಗರದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಪ್ರತಿ ವರ್ಷ ಆಫ್ರಿಕಾದ ನಕ್ಷೆ ತೂಗುಹಾಕಿ, ಇದು ಅಟ್ಲಾಸ್ ಪರ್ವತ, ಇದು ಸಹಾರಾ ಮರುಭೂಮಿ ಅಂತ ಕೋಲಿನಲ್ಲಿ ತೋರಿಸುತ್ತಿದ್ದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಟೀಚರ್, ನೀವು ನೋಡಿದ್ದೀರಾ?" ಇಲ್ಲ ಅಂದೆ. "ಮತ್ತೆ ಇದೆ ಅಂತ ಹೆಂಗೆ ಗೊತ್ತು?" ಅಂದಳು. ಆ ಪ್ರಶ್ನೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ನಕ್ಷೆಯಲ್ಲಿ ಆ ಎರಡೂ ಒಟ್ಟಿಗೆ ಸಿಗುವುದು ಮೊರಾಕ್ಕೊದಲ್ಲಿ.

ಅಣ್ಣಯ್ಯ ಕಾರ್ಗಲ್‌ನಲ್ಲಿ ಲೈನ್‌ಮ್ಯಾನ್ ಆಗಿದ್ದವನು. ಈಗ ಸಾಗರದಲ್ಲಿ ಇದ್ದಾನೆ. ಒಂದೂವರೆ ವರ್ಷದ ಹಿಂದೆ ಅತ್ತಿಗೆ ಕಾಯಿಲೆಯಾಗಿ ತೀರಿಕೊಂಡರು. ಅವತ್ತಿನಿಂದ ಅಣ್ಣಯ್ಯನ ಮಾತು ನಿಂತುಹೋಯಿತು. ಊಟ ಆಯ್ತಾ ಅಂದರೆ ಹೂಂ. ಮಾತ್ರೆ ತಗೊಂಡ್ಯಾ ಅಂದರೆ ಹೂಂ. ಅವನ ಮಗಳು ಫೋನ್ ಮಾಡಿ, "ಅತ್ತೆ, ಅಪ್ಪನ್ನ ಎಲ್ಲಾದ್ರೂ ಕರ್ಕಂಡು ಹೋಗಿ. ಆ ಮನೇಲಿ ಕೂತು ಕೂತು ಕಲ್ಲಾಗಿಬಿಡ್ತಾರೆ" ಅಂತ ಅತ್ತಳು.

ನಮ್ಮ ಮನೆಯವರಿಗೆ ವಿಮಾನದ ಚಿತ್ರ ಕಂಡರೂ ತಲೆ ಸುತ್ತುತ್ತದೆ. ಹಾಗಾಗಿ ನಾನು ಅಣ್ಣಯ್ಯನನ್ನೇ ಕೇಳಿದೆ, "ಮೊರಾಕ್ಕೊಗೆ ಬರ್ತೀಯಾ?" ಅವನು ಹೂಂ ಅಂದ. ಅದು ಬರುತ್ತೇನೆ ಅನ್ನುವ ಹೂಂ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಟಿಕೆಟ್ ಮಾಡಿಸಿಬಿಟ್ಟೆ.

ಅಭ್ಯಾಸ

ಟೂರಿನವರ ಜೊತೆ ಹೋಗುವಷ್ಟು ಪೆನ್ಶನ್ ನಮ್ಮಿಬ್ಬರದ್ದೂ ಇಲ್ಲ. ಬೆನ್ನಿಗೆ ಒಂದೊಂದು ಚೀಲ, ಅಗ್ಗದ ಹಾಸ್ಟೆಲ್, ಊರಿನವರು ಹತ್ತುವ ಬಸ್ಸು, ಇಷ್ಟೇ ನಮ್ಮ ಯೋಜನೆ. ಚೀಲ ಹೊತ್ತು ನಡೆದು ಅಭ್ಯಾಸವಾಗಲಿ ಅಂತ ಒಂದು ಭಾನುವಾರ ಇಬ್ಬರೂ ಚೀಲದಲ್ಲಿ ಅಕ್ಕಿ ತುಂಬಿಕೊಂಡು ತೀರ್ಥಹಳ್ಳಿಯ ನಮ್ಮ ಮನೆಯಿಂದ ಕುಪ್ಪಳ್ಳಿ ಕಡೆಗೆ ನಡೆಯಲು ಹೊರಟೆವು.

ಊರು ದಾಟುವಷ್ಟರಲ್ಲಿ ಮೂರು ಜನ ಗಾಡಿ ನಿಲ್ಲಿಸಿ ಯಾವ ದೇವಸ್ಥಾನಕ್ಕೆ ಹರಕೆ ಅಂತ ಕೇಳಿದರು. ಇನ್ನೂ ಸ್ವಲ್ಪ ದೂರ ಹೋದಾಗ ಹಿಂದಿನಿಂದ ಬಂದ ಪ್ರೈವೇಟ್ ಬಸ್ಸು ನಮ್ಮ ಪಕ್ಕದಲ್ಲೇ ನಿಂತಿತು. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ.

"ಟೀಚರೇ, ಹತ್ತಿ."

"ಬೇಡ ಮಾರಾಯ, ನಾವು ನಡ್ಕಂಡೇ ಹೋಗ್ತೀವಿ."

ಅವನು ನನ್ನ ಮುಖ ನೋಡಿದ, ಅಣ್ಣಯ್ಯನ ಮುಖ ನೋಡಿದ, ಚೀಲ ನೋಡಿದ. ಕೆಳಗಿಳಿದು ಬಂದು ಮೆಲ್ಲಗೆ, "ಮನೇಲಿ ಏನಾದ್ರೂ ಮಾತು ಬಂತಾ ಟೀಚರೇ? ಟಿಕೆಟ್ ವಿಷಯ ಬಿಡಿ, ಮೊದ್ಲು ಹತ್ತಿ" ಅಂದ. ಅಲ್ಲಪ್ಪ, ಇದು ಅಭ್ಯಾಸ, ಆಫ್ರಿಕಾಕ್ಕೆ ಹೋಗ್ತಿದ್ದೀವಿ ಅಂದೆ. ಅದನ್ನು ಕೇಳಿದ ಮೇಲೆ ಬಸ್ಸಿನಲ್ಲಿದ್ದವರಿಗೆ ಸಂಶಯವೇ ಉಳಿಯಲಿಲ್ಲ. ಇಬ್ಬರು ಹೆಂಗಸರು ಇಳಿದು ಬಂದು ನನ್ನ ಚೀಲ ಕಿತ್ತುಕೊಂಡರು. ಒಬ್ಬಾಕೆ ನನ್ನ ಬೆನ್ನು ಸವರಿ, "ಎಲ್ಲಾ ಸರಿ ಆಗ್ತದೆ, ಬನ್ನಿ" ಅಂದರು. ಹತ್ತು ನಿಮಿಷದಲ್ಲಿ ನಾವು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೆವು, ಅಕ್ಕಿ ನಮ್ಮ ತೊಡೆಯ ಮೇಲಿತ್ತು.

ಕುಪ್ಪಳ್ಳಿಯಲ್ಲಿ ಇಳಿದಾಗ ಅಣ್ಣಯ್ಯ ಒಂದೇ ಮಾತು ಹೇಳಿದ. "ಅಭ್ಯಾಸ ಆಯ್ತಲ್ಲ, ವಾಪಸ್ಸೂ ಬಸ್ಸಿಗೇ ಹೋಗಣ."

ಎಂಟು ಮಂಚದ ಕೋಣೆ

ಮರಾಕೆಶ್ ಪಟ್ಟಣದ ಹಾಸ್ಟೆಲಿನಲ್ಲಿ ನಾನು ಗೊತ್ತುಮಾಡಿದ್ದು ಎರಡು ಮಂಚ. ಉಳಿದ ಆರು ಮಂಚ ಬೇರೆಯವರದ್ದು ಅನ್ನುವುದು ಒಳಗೆ ಹೋದ ಮೇಲೆ ಗೊತ್ತಾಯಿತು. ಇಪ್ಪತ್ತೈದು ದಾಟದ ಆರು ಹುಡುಗ ಹುಡುಗಿಯರು, ನಾಲ್ಕು ದೇಶದವರು. ಮಂಚಗಳು ಒಂದರ ಮೇಲೊಂದು. ಅಣ್ಣಯ್ಯನಿಗೆ ಮೇಲಿನದ್ದು ಬಂತು. ಅರವತ್ತನಾಲ್ಕರ ಮನುಷ್ಯ ಏಣಿಯ ಕಡೆ ನೋಡಲೂ ಇಲ್ಲ. ಕಂಬ ಹತ್ತಿದ ಹಾಗೆ ಎರಡು ಹೆಜ್ಜೆಯಲ್ಲಿ ಮೇಲಿದ್ದ. ಆರೂ ಮಕ್ಕಳು ಚಪ್ಪಾಳೆ ತಟ್ಟಿದರು.

ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಒಂದು ಬೂಟಿನ ಮೇಲೆ ಬಿತ್ತು. ಇನ್ನೊಂದು ಕಾಲು ಮತ್ತೊಂದು ಬೂಟಿನ ಮೇಲೆ. ಬಾಗಿಲ ತನಕ ಬೂಟು, ಟವೆಲ್ಲು, ನೀರಿನ ಬಾಟಲಿ. ಅಷ್ಟು ವರ್ಷದ ನೌಕರಿ ಸುಮ್ಮನೆ ಹೋಗುತ್ತದೆಯೇ? ನನಗೇ ಗೊತ್ತಿಲ್ಲದೆ ಅಚ್ಚ ಕನ್ನಡದಲ್ಲಿ ದನಿ ಎದ್ದಿತು. "ಯಾರದ್ರೋ ಇದು? ಇದೇನು ಕ್ಲಾಸ್‌ರೂಮಾ, ಸಂತೆಯಾ? ಎದ್ದು ಎತ್ತಿಡ್ರೋ."

ಆರು ಜನವೂ ಎದ್ದರು. ಒಂದು ಅಕ್ಷರ ಅರ್ಥವಾಗದೆ ಎಲ್ಲಾ ಅರ್ಥವಾಗಿತ್ತು. ಎರಡು ನಿಮಿಷದಲ್ಲಿ ಬೂಟುಗಳು ಗೋಡೆಗೆ ಸಾಲಾಗಿ ನಿಂತವು. ಆಮೇಲೆ ಒಬ್ಬ ಎತ್ತರದ ಹುಡುಗ ಬಂದು, ತಿಂಡಿಗೆ ಹೊರಗೆ ಹೋಗಬಹುದೇ ಅಂತ ನನ್ನನ್ನು ಕೇಳಿದ. ನಾನು ಹೋಗಿ ಬಾ ಅಂದೆ.

ಒಬ್ಬ ಹುಡುಗಿ ಅಣ್ಣಯ್ಯನ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ, ನಿಮ್ಮ ಹೆಂಡತಿ ಯಾವಾಗಲೂ ಇಷ್ಟು ಸ್ಟ್ರಿಕ್ಟಾ ಅಂತ ಕೇಳಿದಳು. ಅತ್ತಿಗೆ ಹೋದ ಮೇಲೆ ಆ ಶಬ್ದವನ್ನು ನಾವು ಯಾರೂ ಅವನ ಮುಂದೆ ಆಡಿರಲಿಲ್ಲ. ಅಣ್ಣಯ್ಯ ಹಾಸಿಗೆ ಮಡಿಚಿಟ್ಟ. ಆಮೇಲೆ ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ.

"ನೋ ನೋ. ಸಿಸ್ಟರ್. ವೈಫ್ ವಾಸ್ ಮೋರ್ ಸ್ಟ್ರಿಕ್ಟ್."

ಫೆಸ್ ಪಟ್ಟಣದ ರತ್ನಗಂಬಳಿ

ಫೆಸ್‌ನಲ್ಲಿ ಹಳೆಯ ಊರಿನ ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಎದುರಿನಿಂದ ಕತ್ತೆ ಬಂದರೆ ನಾವು ಯಾವುದಾದರೂ ಅಂಗಡಿಯೊಳಗೆ ಹೋಗಲೇಬೇಕು. ಹಾಗೆ ಕತ್ತೆಗೆ ದಾರಿ ಬಿಟ್ಟು ನಾವು ಹೊಕ್ಕದ್ದು ಒಂದು ರತ್ನಗಂಬಳಿ ಅಂಗಡಿ.

ಅಂಗಡಿಯ ಯಜಮಾನರು ತುಂಬಾ ಮರ್ಯಾದಸ್ಥರು. ಕೂರಿಸಿ, ಪುದೀನ ಹಾಕಿದ ಚಹಾ ತರಿಸಿದರು. ನಾವು ಕೊಳ್ಳುವುದಿಲ್ಲ ಅಂತ ನಾನು ಮೊದಲೇ ಹೇಳಿದೆ. ನೋಡುವುದಕ್ಕೆ ಏನು ಅಂತ ಅವರು ಒಂದೊಂದಾಗಿ ಗಂಬಳಿ ಬಿಚ್ಚತೊಡಗಿದರು. ಅಣ್ಣಯ್ಯ ಗೋಡೆಗೆ ಒರಗಿ ಮುಖ ಗಂಟಿಕ್ಕಿಕೊಂಡು ಮೇಲೆ ನೋಡುತ್ತಾ ಕೂತಿದ್ದ. ಅವರು ರೇಟು ಹೇಳಿದರು. ಅಣ್ಣಯ್ಯ ಅಲ್ಲಾಡಲಿಲ್ಲ. ಇಳಿಸಿದರು. ಅವನು ತಲೆಯನ್ನು ಅಡ್ಡ ಆಡಿಸಿ ಲೊಚಗುಟ್ಟಿದ. ಇನ್ನೂ ಇಳಿಸಿದರು. ಅವನು ನಿಟ್ಟುಸಿರು ಬಿಟ್ಟ. ಅಂಗಡಿಯ ನೆಲದ ಮೇಲೆ ಮೊಣಕಾಲೆತ್ತರ ಗಂಬಳಿ ಬಿದ್ದಿತ್ತು.

ಕೊನೆಗೆ ಯಜಮಾನರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಅಮ್ಮಾ, ಅಪ್ಪನ ಕಾಲದಿಂದ ವ್ಯಾಪಾರ ಮಾಡ್ತಿದ್ದೇನೆ. ಇಂಥ ಗಟ್ಟಿ ಗಿರಾಕಿಯನ್ನು ನೋಡಿಲ್ಲ. ಇವರಿಗೆ ಏನು ಬೇಕು ಅಂತ ಒಮ್ಮೆ ಕೇಳಿ" ಅಂದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು.

ಕೇಳಿದೆ. ಅಣ್ಣಯ್ಯ ಮಾಡಿನ ಕಡೆ ಬೆರಳು ತೋರಿಸಿದ. "ಆ ಬಲ್ಬಿನ ವೈರು ನೋಡು. ಮೇಲಿನ ರಬ್ಬರೆಲ್ಲ ಹೋಗಿ ತಾಮ್ರ ಕಾಣ್ತಾ ಇದೆ. ಕೆಳಗೆ ಇಷ್ಟೊಂದು ಉಣ್ಣೆ. ಒಂದು ಕಿಡಿ ಬಿದ್ರೆ ಇಡೀ ಓಣಿ ಹೋಗ್ತದೆ. ಮೇನ್ ಎಲ್ಲಿದೆ ಅಂತ ಕೇಳು."

ಮೇನ್ ಆಫ್ ಮಾಡಿಸಿ, ಸ್ಟೂಲ್ ಹತ್ತಿ, ಅವರೇ ತರಿಸಿಕೊಟ್ಟ ಹೊಸ ವೈರು ಎಳೆದು, ಟೇಪು ಸುತ್ತಿ ಅಣ್ಣಯ್ಯ ಕೆಳಗಿಳಿಯುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮಸಾಲೆ ಅಂಗಡಿಯವರು ನಿಂತಿದ್ದರು. ಅವರ ಹಿಂದೆ ಚಪ್ಪಲಿ ಅಂಗಡಿಯವರು. ಸಂಜೆಯ ತನಕ ಅಣ್ಣಯ್ಯ ಸ್ಟೂಲಿನಿಂದ ಸ್ಟೂಲಿಗೆ ಹತ್ತಿ ಇಳಿದ. ನಾನು ಪ್ರತಿ ಅಂಗಡಿಯಲ್ಲೂ ಚಹಾ ಕುಡಿದೆ. ಅವನ ಮುಖದ ಗಂಟು ಅವತ್ತು ಸ್ವಲ್ಪ ಸಡಿಲವಾದದ್ದನ್ನು ನೋಡಿ ಏಳೋಣ ಅನ್ನಲು ಮನಸ್ಸಾಗಲಿಲ್ಲ.

ಚರ್ಮ ಹದ ಮಾಡುವ ಬಣ್ಣದ ಹೊಂಡಗಳನ್ನು ನೋಡಲು ಪ್ರಪಂಚದವರೆಲ್ಲ ಫೆಸ್‌ಗೆ ಬರುತ್ತಾರೆ. ಫೆಸ್ ಹೇಗಿತ್ತು ಅಂತ ಯಾರಾದರೂ ನನ್ನನ್ನು ಕೇಳಿದರೆ ನಾನು ಅಲ್ಲಿನ ಫ್ಯೂಸ್ ಬೋರ್ಡುಗಳ ಬಗ್ಗೆ ಮಾತ್ರ ಹೇಳಬಲ್ಲೆ.

ಸೀಟು ತುಂಬುವ ತನಕ

ಅಲ್ಲಿ ಊರಿಂದ ಊರಿಗೆ ಹೋಗುವ ಟ್ಯಾಕ್ಸಿ ಆರು ಜನ ತುಂಬದೆ ಹೊರಡುವುದಿಲ್ಲ. ಹೊಸನಗರದ ಸ್ಟ್ಯಾಂಡಿನಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಅದೇನೂ ಹೊಸದಲ್ಲ. ಮರುಭೂಮಿಯ ಕಡೆಗೆ ಹೊರಟ ಟ್ಯಾಕ್ಸಿಯಲ್ಲಿ ನಾವಿಬ್ಬರು, ಒಬ್ಬ ಕಾಲೇಜು ಓದುವ ಹುಡುಗಿ, ಅವಳ ಅಜ್ಜಿ, ಮತ್ತಿಬ್ಬರು. ಅಜ್ಜಿ ಕೇಳುವುದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಗಂಡ ಎಲ್ಲಿ ಅಂತ ಅಜ್ಜಿ ಕೇಳಿದರು. ಮನೆಯಲ್ಲಿ ಅಂದೆ. ಎಷ್ಟು ದಿನ? ಇಪ್ಪತ್ತು ದಿನ. ಅಡುಗೆ ಯಾರು ಮಾಡುತ್ತಾರೆ? ಅವರೇ. ಪಾತ್ರೆ? ಅದೂ ಅವರೇ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ ಅಜ್ಜಿ ಗಂಭೀರವಾಗಿ ಏನೋ ಹೇಳಿದರು, ಎಲ್ಲರೂ ನಕ್ಕರು. ಏನಂತೆ ಅಂದೆ. ನಿಮ್ಮ ಊರಿಗೆ ಹೋಗುವ ಟ್ಯಾಕ್ಸಿ ಎಲ್ಲಿ ನಿಲ್ಲುತ್ತದೆ ಅಂತ ಕೇಳುತ್ತಿದ್ದಾರೆ ಅಂದಳು ಮೊಮ್ಮಗಳು.

ಅಜ್ಜಿ ಅಣ್ಣಯ್ಯನ ಕಡೆ ತಿರುಗಿದರು. ಇವರ ಹೆಂಡತಿ? ನಾನು ಮಾತು ಬದಲಿಸಲು ಬಾಯಿ ತೆಗೆದೆ. ಅಣ್ಣಯ್ಯನೇ ಕೈಯನ್ನು ಆಕಾಶದ ಕಡೆ ತೋರಿಸಿದ. ಅಜ್ಜಿ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು ಅರ್ಧ ಅವನಿಗೆ ಕೊಟ್ಟರು. ತಾವೂ ಆಕಾಶದ ಕಡೆ ತೋರಿಸಿ ಗಂಡನ ವಿಷಯ ಹೇಳಿದರು. ಅಣ್ಣಯ್ಯ ರೊಟ್ಟಿ ತಿನ್ನುತ್ತಾ ಕೇಳಿದ. ಒಂದು ಗಂಟೆ ಅವರು ಅವರ ಭಾಷೆಯಲ್ಲಿ ಹೇಳಿದರು, ಇವನು ನಮ್ಮ ಭಾಷೆಯಲ್ಲಿ ಹೌದು ಹೌದು ಅಂದ. ಮೊಮ್ಮಗಳಿಗೂ ನನಗೂ ಕೆಲಸವೇ ಇರಲಿಲ್ಲ.

ಇಳಿಯುವಾಗ ಅಜ್ಜಿ ಮೊಮ್ಮಗಳಿಗೆ ಏನೋ ಹೇಳಿದರು. ಅವಳು ತಿರುಗಿಸಿದಳು. "ನಿಮ್ಮಣ್ಣ ತುಂಬಾ ಚೆನ್ನಾಗಿ ಮಾತಾಡ್ತಾರೆ ಅಂತೆ. ನೀವೇ ಅವರಿಗೆ ಅವಕಾಶ ಕೊಡೋದಿಲ್ಲವಂತೆ."

ಒಂಟೆ

ಮರಳು ಶುರುವಾಗುವ ಕಡೆ ಒಂದು ಮನೆಯವರು ನಮಗೆ ಕೋಣೆ ಕೊಟ್ಟಿದ್ದರು. ಬೆಳಿಗ್ಗೆ ಆ ಮನೆಯ ಯಜಮಾನರೇ ಎರಡು ಒಂಟೆ ತಂದು ನಿಲ್ಲಿಸಿದರು. ಮುಂದಿನದ್ದರ ಮೇಲೆ ಅಣ್ಣಯ್ಯ, ಅದಕ್ಕೆ ಕಟ್ಟಿದ ಹಿಂದಿನದ್ದರ ಮೇಲೆ ನಾನು. ಅವರು ಹಗ್ಗ ಹಿಡಿದು ಮುಂದೆ ನಡೆದರು. ಎಲ್ಲಿ ನೋಡಿದರೂ ಮರಳು. ಒಂದು ಶಬ್ದವಿಲ್ಲ. ನಕ್ಷೆಯಲ್ಲಿ ಅದಕ್ಕೆ ನಾನು ಹಳದಿ ಬಣ್ಣ ಹಚ್ಚಿಸುತ್ತಿದ್ದೆ. ನೋಡಿದರೆ ಕೆಂಪು.

ಸ್ವಲ್ಪ ದೂರ ಹೋದ ಮೇಲೆ ಅಣ್ಣಯ್ಯನ ದನಿ ಕೇಳಿಸಿತು. ನನ್ನನ್ನು ಕರೆದನೇನೋ ಅಂದುಕೊಂಡೆ. ಅಲ್ಲ. ಅವನು ಬಗ್ಗಿ ಒಂಟೆಯ ಕತ್ತಿನ ಹತ್ತಿರ ಮಾತಾಡುತ್ತಿದ್ದ.

"ಶಿವಮೊಗ್ಗದ ಆಸ್ಪತ್ರೇಲಿ ಇಪ್ಪತ್ತೆರಡು ದಿನ ಇದ್ದಳು. ಮಂಚದ ಮೇಲಿನ ಫ್ಯಾನು ಕಟಕಟ ಅಂತಿತ್ತು. ಕೊನೇ ದಿನ ಬೆಳಿಗ್ಗೆ, ನನ್ನ ಹತ್ರ ಸ್ವಲ್ಪ ಹೊತ್ತು ಕೂತ್ಕಳಿ ಅಂದ್ಲು. ಈ ಶಬ್ದದಲ್ಲಿ ನಿನಗೆ ನಿದ್ದೆ ಬರಲ್ಲ, ಏಣಿ ತರ್ತೀನಿ ತಡಿ ಅಂದೆ. ಏಣಿ ಹುಡುಕಿ ತಂದು ಸರಿಮಾಡಿದೆ. ಕೆಳಗಿಳಿದು, ಈಗ ಶಬ್ದ ಬರ್ತದೇನೆ ಅಂತ ಕೇಳಿದೆ. ಅವಳು ಹೋಗಿಯಾಗಿತ್ತು. ಕೂತ್ಕಳಿ ಅಂದಿದ್ಲು. ಅಷ್ಟೇ ಕೇಳಿದ್ದು ಅವಳು. ನಾನು ಫ್ಯಾನ್ ನೋಡಕ್ಕೆ ಹೋದೆ."

ಇದನ್ನು ಅವನು ಮಗಳಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನಾನು ಹಿಂದಿನ ಒಂಟೆಯ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಒಂಟೆಯವರು ತಿರುಗಿ ನೋಡಿ ಗಾಬರಿಯಾದರು. ಒಂಟೆ ಏನಾದರೂ ತೊಂದರೆ ಕೊಟ್ಟಿತೇ ಅಂತ ಸನ್ನೆಯಲ್ಲೂ ನಾಲ್ಕು ಇಂಗ್ಲಿಷ್ ಶಬ್ದದಲ್ಲೂ ಕೇಳಿದರು. ಇಲ್ಲ, ಅವನ ಹೆಂಡತಿ ತೀರಿಕೊಂಡ ವಿಷಯ ಹೇಳುತ್ತಿದ್ದಾನೆ ಅಂದೆ. ಅವರು ಅಣ್ಣಯ್ಯನನ್ನು ಒಂದು ಕ್ಷಣ ನೋಡಿದರು. ಮನೆಯ ಕಡೆ ತಿರುಗಿಸಿದ್ದ ಹಗ್ಗವನ್ನು ಮತ್ತೆ ಮರಳಿನ ಕಡೆ ತಿರುಗಿಸಿ, ಇನ್ನೊಂದು ದಿಬ್ಬ ಸುತ್ತಿಸಿಕೊಂಡು ಬಂದರು. ಅದಕ್ಕೆ ಅವರು ಏನನ್ನೂ ತೆಗೆದುಕೊಳ್ಳಲಿಲ್ಲ.

ಇಳಿದ ಮೇಲೆ ಅಣ್ಣಯ್ಯ ಮುಖ ತೊಳೆದುಕೊಂಡು ಬಂದ. ಕಣ್ಣು ಕೆಂಪಾಗಿತ್ತು, ಆದರೆ ಮುಖ ಹಗುರವಾಗಿತ್ತು. ನಾನು ಹತ್ತಿರ ಹೋಗಿ, "ನನಗಾದ್ರೂ ಹೇಳಬಾರದಿತ್ತಾ ಅಣ್ಣಯ್ಯ? ಒಂಟೆ ಹತ್ರ ಹೇಳದಾ?" ಅಂದೆ.

"ಅದು ಪೂರ್ತಿ ಕೇಳ್ತು ಕಣೆ," ಅಂದ. "ನೀನು ಕೇಳ್ತಿರ್ಲಿಲ್ಲ. ನಾನು ಮಾತು ತೆಗೆದಾಗೆಲ್ಲ ನೀನು ಕಾಫಿ ಮಾಡ್ತೀನಿ ಅಂತ ಒಳಗೆ ಹೋಗಿಬಿಡ್ತಿದ್ದೆ. ಮೂರು ಸಲ ಹಾಗೇ ಮಾಡಿದೀಯ."

ಅದು ನಿಜ. ಅವನು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಸುಮ್ಮನಿರಲು ಆಗದೆ, "ಮೂರಲ್ಲ, ಎರಡೇ ಸಲ" ಅಂದೆ.

"ಮೂರು," ಅಂದ ಅಣ್ಣಯ್ಯ. "ಮೂರನೇ ಸಲ ಹಾಲು ಖಾಲಿ ಆಗಿತ್ತು. ನೀನು ಪಕ್ಕದ ಮನೆಗೆ ಹೋಗಿ ಸಾಲ ಇಸ್ಕಂಡು ಬಂದಿದ್ದೆ."