ಚೀನಾ ಗಾಡಿ ಗೆದ್ದ ದಿನ

ಚೀನಾದಲ್ಲಿ ತಯಾರಾದ ಆ ಪುಟ್ಟ ಬೈಕನ್ನು ದುಡ್ಡು ಕೊಟ್ಟು ಕೊಂಡವನು ನಂಜುಂಡೇಶ. ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ಕಟ್ಟಬೆಟ್ಟಿನವರಿಗೆಲ್ಲ ಇತ್ತು. ದಾರಿಹೋಕರು ಕೂಡ ನಿಂತು ಟೈರು ಒತ್ತಿ, ಟ್ಯಾಂಕು ತಟ್ಟಿ, "ಪ್ಚ್" ಎಂದು ಮುಂದೆ ಹೋಗುತ್ತಿದ್ದರು. ಮೂರು ತಿಂಗಳಿಂದ ಈ "ಪ್ಚ್" ಕೇಳಿ ಕೇಳಿ ನಂಜುಂಡೇಶನ ಮೈಯೆಲ್ಲ ಉರಿಯುತ್ತಿತ್ತು.

ಗಾಡಿಗಿದ್ದದ್ದು ಒಂದೇ ರೋಗ. ಮಂಜು ಬಿದ್ದ ದಿನ ಸ್ಟಾರ್ಟ್ ಆಗದು. ಇಳಿಜಾರಿನಲ್ಲಿ ಉರುಳಿಸಿ ಹೊತ್ತಿಸಿದರೂ ಆಕ್ಸಿಲರೇಟರಿನಿಂದ ಕೈ ತೆಗೆಯುವಂತಿಲ್ಲ, ತೆಗೆದರೆ ಮತ್ತೆ ತಣ್ಣಗೆ.

ಅವತ್ತು ಮಂಜೋ ಮಂಜು. ಟೀ ಎಲೆ ಒಯ್ಯುವ ಫ್ಯಾಕ್ಟರಿ ಲಾರಿ ಮೂರು ಗಂಟೆಗೆ ಎಲೆ ತೂಗುವ ಶೆಡ್ಡಿನಿಂದ ಹೊರಡುತ್ತದೆ. ಆ ವಾರ ಎರಡು ಸಲ ಲಾರಿ ತಪ್ಪಿಸಿಕೊಂಡಿದ್ದ ನಂಜುಂಡೇಶನಿಗೆ ಶೆಡ್ಡಿನ ಮುರಳೀಧರನ್ ಖಡಾಖಂಡಿತವಾಗಿ ಹೇಳಿದ್ದ: "ಇನ್ನೊಂದು ಸಲ ತಪ್ಪಿದ್ರೆ ನಿಮ್ಮ ಎಲೆ ನಮಗೆ ಬೇಡ ಸಾರ್." ಹೆಂಡತಿ ವೀಣಾ ಬೆಳಗಿನಿಂದ ಸೊಂಟ ಮುರಿದುಕೊಂಡು ಕಿತ್ತ ಎಲೆ, ಎರಡು ಚೀಲ ತುಂಬಿ ರಸ್ತೆಯ ತಿರುವಿನಲ್ಲಿ ಕಾಯುತ್ತಿತ್ತು.

ಅದರ ಜೊತೆಗೇ ಪಕ್ಕದ ಮನೆಯ ಧರ್ಮಲಿಂಗಂನ ಎರಡು ಚೀಲ. ಅಲ್ಲೇ ಅವನ ಇಪ್ಪತ್ತು ವರ್ಷದ ಜಪಾನ್ ಗಾಡಿ, ಅದರ ಮೇಲೆ ಮದುಮಗನ ಹಾಗೆ ಧರ್ಮಲಿಂಗಂ.

"ನೋಡಪ್ಪಾ, ಒಂದೇ ಒದೆ," ಎಂದು ಅವನು ಸ್ಟಾರ್ಟ್ ಮಾಡಿ ತೋರಿಸಿದ. "ಜಪಾನಿನವನ ಗಾಡಿಗೆ ಪೆಟ್ರೋಲು ಕೂಡ ಬೇಡ, ವಾಸನೆ ತೋರಿಸಿದ್ರೆ ಸಾಕು. ನಿಂದು ಆಟದ ಸಾಮಾನು."

"ಅಣ್ಣಾ, ನನ್ನ ತಂಟೆಗೆ ಬರಬೇಡಿ!"

"ಆಯ್ತಪ್ಪಾ. ನನಗಿಂತ ಮುಂಚೆ ನೀನು ಶೆಡ್ಡು ಮುಟ್ಟು, ಆಮೇಲೆ ಈ ಜನ್ಮದಲ್ಲಿ ನಿನ್ನ ಗಾಡಿ ಬಗ್ಗೆ ಬಾಯಿ ಬಿಟ್ರೆ ಕೇಳು."

ನಂಜುಂಡೇಶನಿಗೆ ರೇಗಿಹೋಯಿತು. ದಡದಡನೆ ಏರು ಹತ್ತಿ, ಮನೆ ಮುಂದಿನಿಂದ ಗಾಡಿಯನ್ನು ಉರುಳಿಸಿಕೊಂಡು ಬಂದ. ತಿರುವಿಗೆ ಬರುವಾಗ ಅದು ಕೆಮ್ಮಿ, ಹೊಗೆ ಉಗುಳಿ, ಹೊತ್ತಿಕೊಂಡಿತು.

"ಚೀಲ ಕಟ್ರೀ, ಬೇಗ!"

ಅವನು ಇಳಿಯುವಂತಿಲ್ಲ, ಕೈ ಬಿಡುವಂತಿಲ್ಲ, ತಿರುಗಿ ನೋಡುವುದಕ್ಕೂ ಭಯ. ನೆರೆಮನೆಯ ಚಿನ್ನಿಯಕ್ಕ, ಬಸ್ಸಿಗೆ ನಿಂತವರು, ಎಲ್ಲ ಓಡಿ ಬಂದರು.

"ಉದ್ದಕ್ಕೆ ಬೇಡ, ಅಡ್ಡ ಕಟ್ಟಿ!"

"ಮೆಲ್ಲಗೆ, ಚೀನಾದ್ದು, ಮುರಿದೀತು!"

"ಬಾಯಿ ಮುಚ್ಚಿಕೊಂಡು ಕಟ್ರೀ!" ನಂಜುಂಡೇಶ ಕಿರುಚಿದ. ಚಿನ್ನಿಯಕ್ಕ ಮುಖ ಊದಿಸಿಕೊಂಡು, ಕೈಗೆ ಸಿಕ್ಕಿದ್ದನ್ನು ಎತ್ತಿಟ್ಟು ಹಗ್ಗ ಬಿಗಿದಳು. ಉಳಿದವು ಧರ್ಮಲಿಂಗಂನ ಬೆನ್ನ ಹಿಂದೆ ಹೋದವು.

ಮೊದಲ ಏರಿನಲ್ಲೇ ಧರ್ಮಲಿಂಗಂ ಹಾರ್ನ್ ಹೊಡೆದು ಮುಂದೆ ಹೋದ. ನಂಜುಂಡೇಶ ಹಲ್ಲು ಕಚ್ಚಿ ಹಿಂದೆ ಬಿದ್ದ. ಮೂರನೇ ತಿರುವಿನಲ್ಲಿ ನೋಡುತ್ತಾನೆ, ಜಪಾನ್ ಗಾಡಿ ರಸ್ತೆ ಬದಿಯಲ್ಲಿ ಗಪ್‌ಚಿಪ್ ನಿಂತಿದೆ. ಧರ್ಮಲಿಂಗಂ ಟ್ಯಾಂಕಿನೊಳಗೆ ಇಣುಕಿ, ಗಾಡಿಯನ್ನೇ ಹಿಡಿದು ಅಲ್ಲಾಡಿಸುತ್ತಿದ್ದಾನೆ. ಹತ್ತಿರದಲ್ಲಿ ಪೆಟ್ರೋಲ್ ಬಂಕೇ ಇಲ್ಲ.

"ವಾಸನೆ ತೋರಿಸಿ ಅಣ್ಣಾ, ವಾಸನೆ!" ಎಂದು ಕೂಗಿ ನಂಜುಂಡೇಶ ಮುಂದೆ ನುಗ್ಗಿದ. ಮೂರು ತಿಂಗಳ ಸಿಟ್ಟೆಲ್ಲ ಆ ಒಂದು ಕೂಗಿನಲ್ಲಿ ಇಳಿದುಹೋಯಿತು.

ಮೂರಕ್ಕೆ ಐದು ನಿಮಿಷವಿರುವಾಗ ಶೆಡ್ಡು ಮುಟ್ಟಿ, ರಾಜಗಾಂಭೀರ್ಯದಿಂದ ಎಂಜಿನ್ ಆಫ್ ಮಾಡಿದ. ಮುರಳೀಧರನ್ ಚೀಲ ಬಿಚ್ಚಿ, ಎಲೆ ಮೂಸಿ, ಮೆಚ್ಚಿ, ತೂಗಿ ಲಾರಿಗೆ ಹಾಕಿಸಿದ.

"ಧರ್ಮಲಿಂಗಂ ಎಲೆ ಬಂತು. ನಿಮ್ಮದೆಲ್ಲಿ ಸಾರ್?"

"ಅದೇ ನನ್ನದು ಕಣ್ರೀ!"

ಮುರಳೀಧರನ್ ಚೀಲ ತಿರುಗಿಸಿ ತೋರಿಸಿದ. ಕೆಂಪು ಬಣ್ಣದಲ್ಲಿ ದಪ್ಪಕ್ಕೆ ಧರ್ಮಲಿಂಗಂನ ಹೆಸರು.

ದಾರಿಯಲ್ಲಿ ಉಳಿದ ತನ್ನ ಚೀಲ ತರಲು ನಂಜುಂಡೇಶ ಓಡಿ ಹೋಗಿ ಗಾಡಿಯ ಕಿಕ್ಕರ್ ಒದ್ದ. ಹತ್ತು ಸಲ ಒದ್ದ. ಶೆಡ್ಡಿನ ಮುಂದೆ ಉರುಳಿಸೋಣವೆಂದರೆ ಇಳಿಜಾರೇ ಇಲ್ಲ. ಚಿನ್ನಿಯಕ್ಕನನ್ನು ಬೈದ, ಮಂಜನ್ನು ಬೈದ, ಇಡೀ ಚೀನಾ ದೇಶವನ್ನು ಬೈದ. ಲಾರಿ ಹಾರ್ನ್ ಹೊಡೆದು ಎದುರು ದಿಕ್ಕಿಗೆ ಹೊರಟುಹೋಯಿತು. ಮುರಳೀಧರನ್ ತನ್ನ ಪುಸ್ತಕದಲ್ಲಿ ನಂಜುಂಡೇಶನ ಹೆಸರಿನ ಮೇಲೆ ಗೀಟು ಎಳೆದ.

ಅರ್ಧ ಗಂಟೆ ಬಿಟ್ಟು ಯಾರದೋ ಜೀಪಿನಲ್ಲಿ ಧರ್ಮಲಿಂಗಂ ಬಂದಿಳಿದ. ಅವನೊಂದಿಗೆ ವೀಣಾ ಕಿತ್ತ ಎಲೆಯೂ ಬಿಸಿಯೇರಿ, ಕೆಂಪಗಾಗಿ, ಕೆಟ್ಟು ಬಂದಿಳಿಯಿತು. ನಡೆದದ್ದನ್ನು ಕೇಳಿದ ಧರ್ಮಲಿಂಗಂ ನಂಜುಂಡೇಶನ ಎರಡೂ ಕೈ ಹಿಡಿದುಕೊಂಡ.

"ಸೋತೆ ಕಣಪ್ಪಾ. ಇನ್ನು ಬಾಯಿ ಬಿಡಲ್ಲ. ಗಾಡಿ ಅಂದ್ರೆ ನಿಂದೇ ಗಾಡಿ." ಆಮೇಲೆ ದನಿ ತಗ್ಗಿಸಿ ಹೇಳಿದ: "ನಾಳೆಯಿಂದ ನನ್ನ ಎಲೆ ದಿನಾ ನೀನೇ ತಂದು ಹಾಕಿಬಿಡು. ಹೇಗೂ ನಿನ್ನ ಚೀಲ ಇರಲ್ವಲ್ಲ."