ಪರ್ಮನೆಂಟ್ ಅತ್ತೆಯ ಟೆಂಪರರಿ ಮೀಸೆ

ನಮ್ಮ ಅತ್ತೆಗೆ ಮೀಸೆಯಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡುವವಳು ನಾನು, ಖಚಿತವಾಗದ್ದನ್ನು ಬರೆಯುವ ಅಭ್ಯಾಸವಿಲ್ಲ. ಈ ಸಂಗತಿಗೆ ಮೂರು ಮೂಲಗಳಿವೆ: ನಾನು ಕಣ್ಣಾರೆ ನೋಡಿದ್ದೇನೆ, ನಮ್ಮಮ್ಮ ಕೈಯಾರೆ ಕಿತ್ತಿದ್ದಾರೆ, ಅತ್ತೆ ಬಾಯಾರೆ ಒಪ್ಪಿಕೊಂಡಿದ್ದಾರೆ.

"ನನ್ನ ನೋಡಕ್ಕೆ ಬಂದ ಗಂಡಿಗೆ ಮೀಸೆ ಇರ್ಲಿಲ್ಲ ಕಣೇ, ನಂಗಿತ್ತು. ಪಾಪ, ಅವಮಾನ ಆಗ್ಬುಡ್ತು. ಉಪ್ಪಿಟ್ಟೂ ತಿನ್ನದೆ ಎದ್ದೋದ!" ಎಂದು ಹೇಳಿ ಅವರೇ ನಗುತ್ತಿದ್ದರು. ಆ ಗಂಡಿನ ಹೇಳಿಕೆ ಪಡೆಯಲು ನನಗೆ ಸಾಧ್ಯವಾಗಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆ ಅವರದು. ಹೆಂಗಸರಿಗೆ ತುಟಿಯ ಮೇಲೆ, ಗಲ್ಲದ ಕೆಳಗೆ ನಾಲ್ಕು ಕೂದಲಿರುವುದು ಯಾವ ದೊಡ್ಡ ಸುದ್ದಿ? ಸುದ್ದಿ ಇರುವುದು ಬೇರೆ ಕಡೆ. ಈ ಲೋಕದಲ್ಲಿ ತಾತ್ಕಾಲಿಕವಾದ ಯಾವುದನ್ನೂ ಅತ್ತೆ ಸಹಿಸುತ್ತಿರಲಿಲ್ಲ. ಅಂಥವರ ಮುಖಕ್ಕೇ ಈ ಮೀಸೆ ಬಂದಿತ್ತು, ತೆಗೆದಷ್ಟೂ ಹದಿನೈದು ದಿನಕ್ಕೆ ಹಾಜರಾಗುವ ಮೀಸೆ!

ಇದಕ್ಕೊಂದು ಹಿನ್ನೆಲೆಯಿದೆ. ಅತ್ತೆ ಸರ್ಕಾರಿ ಕಚೇರಿಯೊಂದರಲ್ಲಿ ಹನ್ನೊಂದು ವರ್ಷ ಟೆಂಪರರಿ ಟೈಪಿಸ್ಟ್ ಆಗಿದ್ದರು. ಆರು ತಿಂಗಳಿಗೊಮ್ಮೆ ಒಂದು ದಿನ ಕೆಲಸದಿಂದ ತೆಗೆದು, ಮಾರನೇ ದಿನ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರಂತೆ. ಆ ಒಂದು ದಿನ ಅತ್ತೆ ಊಟ ಮಾಡುತ್ತಿರಲಿಲ್ಲ. ನಾಳೆ ಕರೆಯದಿದ್ದರೆ? ಕೊನೆಗೆ ಕೆಲಸ ಕಾಯಂ ಆದ ದಿನ ಬೀದಿಗೆಲ್ಲ ಮೈಸೂರು ಪಾಕ್ ಹಂಚಿ, ಇನ್ನು ನನ್ನ ಬಾಳಿನಲ್ಲಿ ಟೆಂಪರರಿ ಎಂಬುದು ಇರಕೂಡದು ಎಂದು ಘೋಷಿಸಿದರು.

ಘೋಷಣೆ ತಕ್ಷಣ ಜಾರಿಗೆ ಬಂತು. ಮನೆಯ ಚಮಚಗಳ ಮೇಲೂ ಹೆಸರು ಕೊರೆಸಿದರು. ಚಪ್ಪಲಿ ಕಳೆಯದಿರಲೆಂದು ಅದರ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ತಮ್ಮ ಇನಿಷಿಯಲ್ ಬರೆದುಕೊಂಡರು. ಮೈಸೂರಿನಲ್ಲಿದ್ದೂ ಮಲ್ಲಿಗೆ ಮುಡಿಯುವುದನ್ನು ಬಿಟ್ಟರು. "ಸಂಜೆಗೆ ಬಾಡೋದನ್ನ ಬೆಳಿಗ್ಗೆ ಯಾಕೆ ಮುಡೀಬೇಕು?" ಎಂದು ಮಾರುಕಟ್ಟೆಯ ಹೂವಾಡಗಿತ್ತಿಯರನ್ನೇ ಕೇಳುತ್ತಿದ್ದರು. ಅದೇ ಆಯಿಲ್ ಪೇಂಟಿನಲ್ಲಿ ಬಾಗಿಲ ಮುಂದೆ ಎಂಟು ದಳದ ಒಂದು ಶಾಶ್ವತ ರಂಗೋಲಿಯನ್ನೂ ಬಿಡಿಸಿಬಿಟ್ಟರು. ಅಮ್ಮ ಇದನ್ನು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನೀರು ಚಿಮುಕಿಸಿ ಪುಡಿಯಲ್ಲಿ ಇನ್ನೊಂದು ರಂಗೋಲಿ ಹಾಕುತ್ತಿದ್ದರು. ಒಂದೇ ಬಾಗಿಲಿಗೆ ಎರಡು ರಂಗೋಲಿ ನೋಡಿದ ಹೊಸಬರು, ಒಳಗೆ ಎರಡು ಸಂಸಾರವಿದೆ ಎಂದುಕೊಳ್ಳುತ್ತಿದ್ದರು. ಅವರ ಊಹೆ ಪೂರಾ ತಪ್ಪಾಗಿರಲಿಲ್ಲ.

ಅಮ್ಮನಿಗೂ ಅತ್ತೆಗೂ ಯಾವುದರಲ್ಲಿ ಜಗಳವಿರಲಿಲ್ಲ ಎಂದು ಕೇಳಿ! ಮುಖ್ಯ ವಿವಾದ ನಡುಮನೆಯ ಕಿಟಕಿಯದು. ಅಮ್ಮನಿಗೆ ಅದು ತೆರೆದಿರಬೇಕು, ಅತ್ತೆಗೆ ಮುಚ್ಚಿರಬೇಕು.

"ಗಾಳಿ ಬರ್ಲಿ ಅಕ್ಕ."

"ಗಾಳಿ ಬರಲ್ಲ ಕಣೇ, ಧೂಳು ಬರುತ್ತೆ."

"ನಮ್ಮ ಲಷ್ಕರ್ ಮೊಹಲ್ಲಾದಲ್ಲಿ ಕಿಟಕಿ ಮುಚ್ಚೋದು ಸೂತಕಕ್ಕೆ."

"ನಿಮ್ಮ ಲಷ್ಕರ್ ಮೊಹಲ್ಲಾದಲ್ಲಿ ಕಿಟಕಿ ತೆಗೆದ್ರೆ ಎದುರು ಮನೆಯೋರ ಒಗ್ಗರಣೆ ಬಾಯಿಗೇ ಬೀಳುತ್ತೆ!"

ಹೀಗೆ ದಿನಕ್ಕೆ ನಾಲ್ಕು ಬಾರಿ. ಅಪ್ಪ ತಟಸ್ಥ ರಾಷ್ಟ್ರ.

ಮೀಸೆಗೆ ಶಾಶ್ವತ ಪರಿಹಾರ ಹುಡುಕುವ ಕೆಲಸ ತೊಂಬತ್ತರ ದಶಕದಲ್ಲಿ ಶುರುವಾಯಿತು. ಮೊದಲು ಗ್ರಂದಿಗೆ ಅಂಗಡಿಯ ಪುಡಿ. ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಜೊತೆಗೆ ಅಂಗಡಿಯವನು ಹೆಸರು ಹೇಳಲೊಪ್ಪದ ಒಂದು ಬೇರು. ನಲವತ್ತೆಂಟು ದಿನ ಹಚ್ಚಿದರೆ ಏಳು ಜನ್ಮಕ್ಕೂ ಕೂದಲು ಬರುವುದಿಲ್ಲವೆಂದು ಅವನು ಹೇಳಿದ್ದ. ಹನ್ನೆರಡನೇ ದಿನಕ್ಕೆ ಕೂದಲೆಲ್ಲ ಹಾಗೇ ಇದ್ದು ಹಳದಿಯಾದವು. ಕಚೇರಿಯ ಸಾಹೇಬರು ಅತ್ತೆಯ ಮುಖ ನೋಡಿ ಗಾಬರಿಯಾಗಿ, "ಮೇಡಂ, ಇದು ಕಾಮಾಲೆ ಕಣ್ರೀ, ಮನೆಗೆ ಹೋಗಿ" ಎಂದರು. ಮೀಸೆ ಹೋಗಲಿಲ್ಲ, ಮೂರು ದಿನ ರಜೆ ಸಿಕ್ಕಿತು.

ಆಮೇಲೆ ಟ್ಯೂಬಿನ ಕ್ರೀಮು. ಹಚ್ಚಿ, ಹತ್ತು ನಿಮಿಷ ಬಿಟ್ಟು, ಒರೆಸಿದರೆ ಮುಖ ನುಣ್ಣಗೆ! ವಾಸನೆ ಮಾತ್ರ ಸುಟ್ಟ ಟೈರಿನದು. ಅತ್ತೆಗೆ ಆನಂದವೋ ಆನಂದ. ಎಂಟನೇ ದಿನ ಕೂದಲು ಮರಳಿತು. ನಾವಾಗಿದ್ದರೆ ಇನ್ನೊಂದು ಟ್ಯೂಬು ತರುತ್ತಿದ್ದೆವು. ಅತ್ತೆ ಕಚೇರಿಯ ಟೈಪ್‌ರೈಟರಿನಲ್ಲಿ ಕಂಪನಿಗೆ ಪತ್ರ ಟೈಪಿಸಿದರು. ವಿಷಯ: ಕೂದಲು ಪುನಃ ಬಂದಿರುವ ಬಗ್ಗೆ. ಉಲ್ಲೇಖ: ನಿಮ್ಮ ಜಾಹೀರಾತು. ಕಂಪನಿಯವರು ವಿನಯದಿಂದ ಉತ್ತರ ಬರೆದು, ಜೊತೆಗೆ ಒಂದು ಟ್ಯೂಬನ್ನು ಉಚಿತವಾಗಿ ಕಳಿಸಿದರು. "ನೋಡು, ಮತ್ತೆ ಬರುತ್ತೆ ಅಂತ ಅವರೇ ಒಪ್ಕೊಂಡ್ರು" ಎಂದು ಅತ್ತೆ ಆ ಟ್ಯೂಬನ್ನು ಮುಟ್ಟಲೇ ಇಲ್ಲ.

ಮೂರನೆಯದು ವ್ಯಾಕ್ಸು. ಪಾರ್ಲರಿಗೆ ಹೋಗಲು ನಾಚಿಕೆಯೆಂದು, ಸಕ್ಕರೆ ನಿಂಬೆರಸ ಕುದಿಸಿ ಮನೆಯಲ್ಲೇ ಮಾಡಿದ್ದಾಯಿತು. ಆರಲೆಂದು ತಟ್ಟೆಯಲ್ಲಿಟ್ಟು ಅತ್ತೆ ಮುಖ ತೊಳೆಯಲು ಹೋದರು. ಬರುವಷ್ಟರಲ್ಲಿ ಅಪ್ಪ ಅದನ್ನು ನಿಂಬೆಹುಳಿ ಮಿಠಾಯಿ ಎಂದುಕೊಂಡು ಬಾಯಿಗೆ ಹಾಕಿಕೊಂಡಿದ್ದರು. ಕೂದಲು ಒಂದೂ ಬರಲಿಲ್ಲ. ಅಪ್ಪನ ಕಟ್ಟಿಸಿದ ಹಲ್ಲಿನ ಸೆಟ್ಟು ಪೂರ್ತಿ ಬಂತು.

ಹೀಗೆ ಎಲ್ಲ ದಾರಿ ಮುಚ್ಚಿದ ಮೇಲೆ ಅಮ್ಮ ದಾರದ ಉಂಡೆ ಹಿಡಿದು ಮುಂದೆ ಬಂದರು. ಚಿಕ್ಕಂದಿನಲ್ಲಿ ತವರಿನ ಲಷ್ಕರ್ ಮೊಹಲ್ಲಾದಲ್ಲಿ ಪಕ್ಕದ ಮನೆಯ ಆಪಾ ಒಬ್ಬರಿಂದ ಅವರು ದಾರದಲ್ಲಿ ಕೂದಲು ತೆಗೆಯುವುದನ್ನು ಕಲಿತಿದ್ದರು.

"ಅದು ಟೆಂಪರರಿ" ಎಂದರು ಅತ್ತೆ.

"ಊಟಾನೂ ಟೆಂಪರರೀನೇ ಅಕ್ಕ. ಕೂತ್ಕೊಳ್ಳಿ."

ದಾರದ ಕೆಲಸ ನೋಡಿದ್ದೀರಾ? ತೆಗೆಯುವವರು ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಲ್ಲಿ ಕತ್ತರಿಯಂತೆ ಆಡಿಸಬೇಕು. ತೆಗೆಸಿಕೊಳ್ಳುವವರು ನಾಲಗೆಯನ್ನು ತುಟಿಯ ಒಳಗೆ ಒತ್ತಿ ಚರ್ಮವನ್ನು ಬಿಗಿಯಾಗಿಡಬೇಕು. ಅಂದರೆ ಇಬ್ಬರೂ ಮಾತಾಡುವಂತಿಲ್ಲ! ಭಾನುವಾರ ಬೆಳಿಗ್ಗೆ ಅದೇ ಕಿಟಕಿಯ ಬೆಳಕಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಇಡೀ ಕೃಷ್ಣಮೂರ್ತಿಪುರಂಗೆ ಕೇಳಿಸುವಂತೆ ಜಗಳವಾಡುವ ಇಬ್ಬರು ಹೆಂಗಸರು ಹದಿನೈದು ನಿಮಿಷ ಮೌನವಾಗಿ ಎದುರುಬದುರು ಕೂರುತ್ತಿದ್ದರು. ಅಪ್ಪ ಮೆಲ್ಲಗೆ ಬಂದು ರೇಡಿಯೋ ಹಾಕುತ್ತಿದ್ದರು. ವಾರದಲ್ಲಿ ಅವರಿಗೆ ವಾರ್ತೆ ಪೂರಾ ಕೇಳಿಸುತ್ತಿದ್ದದ್ದು ಅದೊಂದೇ ದಿನ.

ಮುಗಿದ ಮೇಲೆ ಅಮ್ಮ ಅತ್ತೆಯ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಎಣ್ಣೆ ಆರುವ ಮೊದಲೇ, "ಕಿಟಕಿ ಮುಚ್ಚೇ, ಧೂಳು" ಎಂದು ಯುದ್ಧ ಮತ್ತೆ ಆರಂಭ. ಮೊದಲು ಹದಿನೈದು ದಿನಕ್ಕೊಮ್ಮೆ ಇದ್ದದ್ದು ಯಾವಾಗ ಪ್ರತಿ ವಾರವಾಯಿತೋ ತಿಳಿಯದು. ಅಷ್ಟೊಂದು ಕೂದಲು ಎಲ್ಲಿಂದ ಬರುತ್ತಿತ್ತು? ಈ ಬಗ್ಗೆ ಆಗ ನಾನು ತನಿಖೆ ಮಾಡಲಿಲ್ಲ.

ವರ್ಷಗಳು ಕಳೆದವು. ಅತ್ತೆ ನಿವೃತ್ತರಾದರು. ಅಪ್ಪ ಹೋದರು. ಮರುವರ್ಷ ಅಮ್ಮನ ಕಣ್ಣಿನ ನರ ಸೋಲತೊಡಗಿತು. ಇರುವಷ್ಟನ್ನು ಉಳಿಸಿಕೊಳ್ಳೋಣ ಎಂದರು ಕಣ್ಣಿನ ಡಾಕ್ಟರು. ನಾನು ಅಮ್ಮನ ಕೈಯಿಂದ ಒಂದೊಂದೇ ಕೆಲಸ ಕಸಿದುಕೊಂಡೆ. ಈಳಿಗೆಮಣೆ ಬೇಡಮ್ಮ, ಒಲೆ ಬೇಡಮ್ಮ, ಸೂಜಿ ಬೇಡಮ್ಮ. ರಂಗೋಲಿಯನ್ನು ಮಾತ್ರ ಅಮ್ಮ ಬಿಡಲಿಲ್ಲ. ಪಕ್ಕದಲ್ಲಿ ಬಿಡಿಸಲಾಗದೆ, ಅತ್ತೆಯ ಪೇಂಟಿನ ಗೆರೆಗಳನ್ನೇ ಬೆರಳಲ್ಲಿ ತಡವಿಕೊಂಡು ಅವುಗಳ ಮೇಲೆ ಪುಡಿ ಎಳೆಯುತ್ತಿದ್ದರು. ಉಳಿದದ್ದು ಭಾನುವಾರದ ದಾರ. ಅದಕ್ಕೆ ಕಣ್ಣಿಗಿಂತ ಬೆರಳು ಮುಖ್ಯ ಎಂದು ಅಮ್ಮನ ವಾದ.

ಆಗ ಬಂತು ಲೇಸರ್! ಬೆಳಗಿನ ಪತ್ರಿಕೆಯ ನಡುವಿನಿಂದ ಒಂದು ಕರಪತ್ರ ಜಾರಿ ಅತ್ತೆಯ ಕಾಲ ಬಳಿ ಬಿತ್ತು. "ಅನಗತ್ಯ ಕೂದಲಿಗೆ ಶಾಶ್ವತ ವಿದಾಯ." ಶಾಶ್ವತ ಎಂಬ ಪದದ ಕೆಳಗೆ ಅತ್ತೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, "ನಡಿ, ವಿಚಾರಿಸ್ಕೊಂಡು ಬರೋಣ" ಎಂದು ನನ್ನನ್ನು ಎಬ್ಬಿಸಿದರು.

ಡಾಕ್ಟರು ನನಗಿಂತ ಚಿಕ್ಕ ಹುಡುಗಿ.

"ಆರೇಳು ಸಿಟ್ಟಿಂಗ್ ಬೇಕಾಗುತ್ತೆ ಆಂಟಿ. ಆಮೇಲೆ ತುಂಬಾ ಕಮ್ಮಿ ಆಗುತ್ತೆ."

"ಕಮ್ಮಿ ಆಗುತ್ತಾ, ಹೋಗುತ್ತಾ? ಸರಿಯಾಗಿ ಹೇಳಮ್ಮ."

"ಹೆಚ್ಚು ಕಮ್ಮಿ ಹೋಗುತ್ತೆ. ಆದ್ರೆ ಬಿಳೀ ಕೂದಲ ಮೇಲೆ ಲೇಸರ್ ಕೆಲಸ ಮಾಡಲ್ಲ. ಕಪ್ಪು ಬಣ್ಣ ಇದ್ರೇನೇ ಬೆಳಕು ಹಿಡಿಯೋದು."

"ಅಂದ್ರೆ ಸೀನಿಯರ್‌ಗಳನ್ನ ಬಿಟ್ಟು ಜೂನಿಯರ್‌ಗಳನ್ನ ಮಾತ್ರ ತೆಗೀತೀರಿ. ನಮ್ಮ ಆಫೀಸಿನ ರೂಲ್ಸೇ!"

ಡಾಕ್ಟರು ನಕ್ಕು ಮುಂದುವರಿಸಿದರು. "ಇನ್ನೊಂದು, ಇವತ್ತಿಂದ ಆರು ವಾರ ದಾರ, ಚಿಮಟ ಏನೂ ಹಾಕ್ಬಾರ್ದು. ಬೇರು ಒಳಗೇ ಇರ್ಬೇಕು. ತೀರಾ ಕಂಡ್ರೆ ರೇಜರ್ ಹಾಕ್ಕೊಳ್ಳಿ."

"ದಾಡಿ ಮಾಡ್ಕೋಬೇಕಾ? ಅಯ್ಯೋ, ನಮ್ಮ ತಮ್ಮ ಇದ್ದಿದ್ರೆ ಬ್ರಶ್ಶಾದ್ರೂ ಎರವಲು ಸಿಗ್ತಿತ್ತು!"

ಅತ್ತೆ ಒಪ್ಪಿದರು. ಬಿಳಿಯವು ಇರಲಿ, ಕಪ್ಪಾದರೂ ಕಾಯಮ್ಮಾಗಿ ಹೋಗಲಿ. ಹೆಸರು ಬರೆಸಿದರು.

ಆ ಭಾನುವಾರ ಅಮ್ಮ ಎಂದಿನಂತೆ ಕಿಟಕಿಯ ಬಳಿ ಸ್ಟೂಲು ಹಾಕಿ, ದಾರದ ಉಂಡೆ ಹಿಡಿದು ಕೂತಿದ್ದರು.

"ಇವತ್ತಿಲ್ಲ ಕಣೇ. ಆರು ವಾರ ಮುಟ್ಟೋ ಹಂಗಿಲ್ಲ. ಆಮೇಲಂತೂ ಬೇಕಾಗೇ ಇಲ್ಲ. ನಿಂಗೂ ರೆಸ್ಟಾಯ್ತು" ಎಂದರು ಅತ್ತೆ ಸಂಭ್ರಮದಿಂದ.

"ಒಳ್ಳೇದಾಯ್ತು ಬಿಡಿ ಅಕ್ಕ." ಅಮ್ಮ ಬಿಚ್ಚಿದ್ದ ದಾರವನ್ನು ನಿಧಾನವಾಗಿ ಉಂಡೆಗೆ ಸುತ್ತಿದರು. ಸುತ್ತಿಯಾದ ಮೇಲೂ ಬೆರಳು ಸ್ವಲ್ಪ ಹೊತ್ತು ಸುತ್ತುತ್ತಲೇ ಇತ್ತು.

ಎರಡನೇ ಭಾನುವಾರ ಅತ್ತೆ ಅಭ್ಯಾಸಬಲದಿಂದ, "ಕಿಟಕಿ ಮುಚ್ತೀನಿ, ಧೂಳು" ಎಂದರು. ನಾನು ಜಗಳಕ್ಕೆ ಕಿವಿಯನ್ನು ಸಿದ್ಧಮಾಡಿಕೊಂಡೆ.

"ಮುಚ್ಚಿ ಅಕ್ಕ. ನಂಗೇನು, ಎರಡೂ ಒಂದೇ" ಎಂದರು ಅಮ್ಮ.

ಅತ್ತೆ ಕಿಟಕಿಯ ಬಾಗಿಲು ಹಿಡಿದುಕೊಂಡೇ ನಿಂತರು. ಇಷ್ಟು ವರ್ಷದಲ್ಲಿ ಅಮ್ಮ ಮೊದಲ ಸಲ ಸೋತಿದ್ದರು. ಗೆದ್ದವರು ಹಿಗ್ಗಬೇಕಲ್ಲವೆ? ಅತ್ತೆ ಅರ್ಧ ಮುಚ್ಚಿದ್ದ ಕಿಟಕಿಯನ್ನು ತಾವೇ ಪೂರ್ತಿ ತೆರೆದು ತಮ್ಮ ಕೋಣೆಗೆ ಹೋದರು.

ಮೂರನೇ ಭಾನುವಾರ ಅವರೇ ಸ್ಟೂಲು ಎಳೆದುಕೊಂಡು ಬಂದು ಅಮ್ಮನ ಎದುರು ಧೊಪ್ಪನೆ ಕೂತರು.

"ತಗೊಳ್ಳೇ ದಾರ."

"ಯಾಕಕ್ಕ? ಲೇಸರ್ರು?"

"ಆ ಹುಡುಗಿ ಲಾಂಗ್ ಲೀವ್ ಹಾಕ್ಬುಟ್ಳಂತೆ. ಡಾಕ್ಟ್ರೇ ಟೆಂಪರರಿ ಆದ್ಮೇಲೆ ನಾನೇನ್ ಮಾಡ್ಲಿ? ಹೂಂ, ಬೇಗ ಮಾಡು."

ಅಮ್ಮ ತಟ್ಟನೆ ದಾರ ಕಚ್ಚಿದರು. ಬೆರಳಲ್ಲಿ ಗಲ್ಲ ತಡವಿ, ದಾರ ಆಡಿಸಿ, ನಾಲ್ಕು ಕಡೆ ತಪ್ಪಿ, ಚರ್ಮ ಕೆಂಪಾಗಿಸಿ, ಕೊನೆಗೆ ಒಂದನ್ನು ಹಿಡಿದರು. "ಸಿಕ್ತು! ನೋಡಿ ಅಕ್ಕ, ಎಷ್ಟುದ್ದ!" ಎಂದು ತಮಗೆ ಕಾಣದ ಆ ಕೂದಲನ್ನು ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದರು. ಅರ್ಧಕ್ಕರ್ಧ ಕೂದಲು ಅತ್ತೆಯ ಮುಖದಲ್ಲೇ ಇತ್ತು.

"ನಿನ್ನ ಕೈ ಒಳ್ಳೇ ಕೈ ಬಿಡು" ಎಂದರು ಅತ್ತೆ. "ಈಗ ಕಿಟಕಿ ಮುಚ್ಲಾ?"

"ಮುಚ್ಚಿ ನೋಡಿ, ಅದೆಂಗೆ ಮುಚ್ತೀರೋ!" ಎಂದರು ಅಮ್ಮ. ಮನೆಗೆ ಜೀವ ಬಂತು.

ಎರಡು ತಿಂಗಳ ಮೇಲೆ ಕ್ಲಿನಿಕ್ಕಿನಿಂದ ಫೋನು ಬಂತು. ಮಾತಾಡಿದ್ದು ಅದೇ ಡಾಕ್ಟರು. ಅವರು ಒಂದು ದಿನವೂ ರಜೆ ಹಾಕಿರಲಿಲ್ಲ. "ಆಂಟಿ ಯಾಕೆ ಬರ್ಲೇ ಇಲ್ಲ?" ಎಂದು ಅವರೇ ನನ್ನನ್ನು ಕೇಳಿದರು.

ಸುದ್ದಿಯ ಎರಡನೇ ಭಾಗ ಮುಂದಿನ ಸೋಮವಾರ ಸಿಕ್ಕಿತು. ನಮ್ಮ ಹಿಂದಿನ ರಸ್ತೆಯ ಪುಟ್ಟ ಪಾರ್ಲರಿನ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಕಂಡಿತು. ಅದರ ಮೇಲೆ ಬಿಳಿ ಆಯಿಲ್ ಪೇಂಟಿನ ಇನಿಷಿಯಲ್. ಪಾರ್ಲರಿಗೆ ಹೋಗಲು ನಾಚುತ್ತಿದ್ದ ಅತ್ತೆ ಇಲ್ಲಿ? ನಾನು ಪರದೆಯ ಈಚೆ ನಿಂತೆ. ಕದ್ದು ಕೇಳುವುದು ತಪ್ಪು, ಗೊತ್ತು.

"ಬುಡಮ್ಮ ಬುಡಮ್ಮ, ಎಲ್ಲಾ ತೆಗೀಬೇಡ" ಎನ್ನುತ್ತಿದ್ದರು ಅತ್ತೆ. "ಪ್ರತೀ ಸಲ ಹೇಳ್ಬೇಕಾ ನಿಂಗೆ? ಎಡಗಡೆ ಎರಡು ಇರ್ಲಿ."

"ಅವೇ ಆಂಟಿ ಉದ್ದ ಇರೋದು. ಚೆನ್ನಾಗ್ ಕಾಣಲ್ಲ."

"ಉದ್ದ ಇದ್ರೇನೇ ಕಣಮ್ಮ ಬೆರಳಿಗೆ ಸಿಗೋದು. ಭಾನುವಾರಕ್ಕೆ ಬೇಕು, ಬುಡು."

ನಾನು ಸದ್ದಿಲ್ಲದೆ ಮೆಟ್ಟಿಲಿಳಿದೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಕೈಗೆ ಸಿಕ್ಕ ಸುದ್ದಿಗಳಲ್ಲಿ ಮನೆಯಲ್ಲಿ ಹೇಳದೆ ಇಟ್ಟುಕೊಂಡದ್ದು ಅದೊಂದನ್ನೇ.

ಆ ಭಾನುವಾರ ಅಮ್ಮನಿಗೆ ಎರಡೂ ಸಿಕ್ಕವು.