ಮೂರು ಗಂಟೆಯ ಕೊಬ್ಬರಿ ಎಣ್ಣೆ

ಸೂರ್ಯನ ಜೊತೆ ಮಾತು ಬಿಟ್ಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಕಾಕಾ, ಅಂದರೆ ನಮ್ಮ ಅಪ್ಪನ ಖಾಸಾ ತಮ್ಮ. ಇರುವುದು ಬಿಸಿಲಿಗೆ ಹೆಸರಾದ ಇಂಡಿ ಊರಿನಲ್ಲಿ. ಇಂಡಿಯಲ್ಲಿ ಮನೆ ಮಾಡಿಕೊಂಡು ಬಿಸಿಲಿನ ಮೇಲೆ ಮುನಿಸಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ ಹೇಳಿ! ಅದೂ ಏನು, ಅವರು ಉಣ್ಣುವ ಅನ್ನವೇ ಬಿಸಿಲಿನದು. ಊರ ಹೊರಗೆ ಅವರದೊಂದು ಲಿಂಬೆಯ ತೋಟವಿದೆ. ಬಿಸಿಲು ಏರಿದಂತೆಲ್ಲ ಊರೂರ ಜನಕ್ಕೆ ಶರಬತ್ತಿನ ನೆನಪಾಗುತ್ತದೆ, ಲಿಂಬೆಗೆ ಗಿರಾಕಿಗಳು ಹೆಚ್ಚುತ್ತಾರೆ. ಹೀಗೆ ಮನೆ ನಡೆಸುವ ಸೂರ್ಯನನ್ನೇ ಕಾಕಾ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು, "ಬಂದೇನಪಾ ಮತ್ತ?" ಎನ್ನುವ ಹಾಗೆ ದಿಟ್ಟಿಸಿ ನೋಡಿ ಒಳಗೆ ಹೋಗಿಬಿಡುತ್ತಾರೆ.

ಸಂಕ್ರಾಂತಿಯ ಕುಸುರೆಳ್ಳು ಇನ್ನೂ ಬಾಯಲ್ಲಿರುವಾಗಲೇ ಅವರ ವಾರ್ಷಿಕ ಶೋಧ ಶುರುವಾಗುತ್ತದೆ. ಈ ಬೇಸಿಗೆಗೆ ಯಾವ ಊರು? ಹವಾಮಾನದ ವರದಿಯನ್ನು ಅವರು ನಂಬುವವರಲ್ಲ. ಮೊಬೈಲ್ ತೋರಿಸುವ ಡಿಗ್ರಿಯ ಸುದ್ದಿಯನ್ನಂತೂ ಎತ್ತಲೇಬೇಡಿ. "ಅದೆಲ್ಲೋ ನೆಳ್ಳಾಗ ಕುಂತು ಹೇಳ್ತೈತಿ ತಂಗಿ," ಎನ್ನುತ್ತಾರೆ, ಅಣ್ಣನ ಮಗಳಾದ ನನಗೆ. ಅವರ ಅಳತೆ ಒಂದೇ: ಕೊಬ್ಬರಿ ಎಣ್ಣೆ. ಯಾವುದೋ ಕಾಲದ ಔಷಧಿಯ ಗಿಡ್ಡ ಗಾಜಿನ ಸೀಸೆ, ಅದರಲ್ಲಿ ಅರ್ಧದಷ್ಟು ಎಣ್ಣೆ. ಬೇಸಿಗೆಯ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ, ನೆರಳಿನಲ್ಲಿಟ್ಟ ಆ ಎಣ್ಣೆ ಗಟ್ಟಿಯಾಗಿದ್ದರೆ ಊರು ಪಾಸು, ತೆಳ್ಳಗಿದ್ದರೆ ನಪಾಸು. ಮೂರೇ ಗಂಟೆ ಯಾಕೆ ಎಂದು ಕೇಳಿದರೆ ಅದಕ್ಕೂ ಉತ್ತರವಿದೆ. "ಮುಂಜಾನಿ ಎಲ್ಲಾ ಊರೂ ತಂಪ ಇರ್ತಾವ. ಖರೇ ಬಣ್ಣ ಗೊತ್ತಾಗೂದು ಮೂರ ಗಂಟೆಕ್ಕ!"

ಊರಿನಿಂದ ಯಾರಾದರೂ ಪ್ರವಾಸ ಹೋಗಿ ಬಂದರೆ ಕಾಕಾ ಅವರ ಮನೆಗೆ ಹೋಗಿ ಫೋಟೋ ನೋಡುವುದಿಲ್ಲ. ಲಾಡ್ಜಿನ ಕಾರ್ಡು ಇಸಿದುಕೊಂಡು ಬರುತ್ತಾರೆ. ಆಮೇಲೆ ಕಟ್ಟೆಯ ಮೇಲೆ ಕೂತು ಒಂದೊಂದಕ್ಕೇ ಫೋನು ಹಚ್ಚುತ್ತಾರೆ. ಇಂಥ ಒಂದು ವಿಚಾರಣೆಯನ್ನು ನಾನೇ ಎದುರು ಕೂತು ಕೇಳಿದ್ದೇನೆ. ಆ ಕಡೆಯವನು ಯಾವುದೋ ಗುಡ್ಡದ ಊರಿನ ಲಾಡ್ಜಿನವನು, ಬಹಳ ನಯವಾದ ಮನುಷ್ಯ.

"ನಮ್ಮಲ್ಲಿ ಎಲ್ಲಾ ಅನುಕೂಲ ಇದೆ ಸರ್. ಇಪ್ಪತ್ನಾಲ್ಕು ಗಂಟೆ ಬಿಸಿನೀರು ಬರುತ್ತೆ."

"ಅದು ನಮ್ಮ ನಳದಾಗೂ ಬರ್ತೈತ್ರಿ, ಪುಕ್ಕಟ! ತಣ್ಣೀರ ಬರ್ತೈತೇನ್ ಅದನ್ನ ಹೇಳ್ರಿ."

"ಬರುತ್ತೆ ಸರ್. ಬೇಕಿದ್ರೆ ಎಸಿ ರೂಮೂ ಇದೆ."

"ಎಸಿ ಐತಿ? ಹಂಗಾರ ಇಡ್ರಿ ಫೋನು!"

ಎಸಿ ಬೇಕಾಗುವ ಊರು ತಂಪಿನ ಊರು ಹೇಗಾದೀತು ಎನ್ನುವುದು ಕಾಕಾನ ಪ್ರಶ್ನೆ. ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಈ ವಾದದಲ್ಲಿ ತಪ್ಪು ಹುಡುಕಲು ನೋಡಿ ಸೋತಿದ್ದೇನೆ.

ಒಂದು ವರ್ಷ ಒಬ್ಬ ಪುಣ್ಯಾತ್ಮ ಸಿಕ್ಕ. ಕಾಕಾ ಕೇಳಿದರೆಂದು ಫೋನು ಹಿಡಿದುಕೊಂಡೇ ತನ್ನ ಮನೆಯ ಬಚ್ಚಲಿಗೆ ಹೋಗಿ, ಎಣ್ಣೆಯ ಡಬ್ಬಿ ಬಗ್ಗಿಸಿ ನೋಡಿ, "ಗಟ್ಟಿ ಇದೆ ಸರ್, ಕಡ್ಡಿ ಹಾಕಿ ತೆಗೀಬೇಕು," ಎಂದುಬಿಟ್ಟ. ಕಾಕಾನ ಸಂತೋಷಕ್ಕೆ ಪಾರವೇ ಇರಲಿಲ್ಲ. ಮೇ ತಿಂಗಳಲ್ಲಿ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದುಕೊಂಡು ಒಂದು ಹಗಲು ಒಂದು ರಾತ್ರಿ ಪ್ರಯಾಣ ಮಾಡಿ ಆ ಊರು ಮುಟ್ಟಿದರು. ಬಸ್ಸಿನಿಂದ ಇಳಿದು ನೋಡುತ್ತಾರೆ, ನಿಲ್ದಾಣದ ಎದುರು ಕಬ್ಬಿನಹಾಲಿನ ಗಾಡಿ, ಅದರ ಮುಂದೆ ಮಂದಿಯ ಸಾಲು! "ಇದೇನು, ನಮ್ಮ ಇಂಡಿ ಬಸ್‌ಸ್ಟ್ಯಾಂಡ್ ಬಿಟ್ಟು ಬಂದೇ ಇಲ್ಲಲ್ಲ ನಾವು," ಎಂದು ಕಾಕಾ ಅದೇ ಬಸ್ಸನ್ನು ಮತ್ತೆ ಹತ್ತಿದರು. ಕಾಕು ಇಳಿದೇ ಇರಲಿಲ್ಲ, ಇನ್ನೂ ಬಸ್ಸಿನ ಮೆಟ್ಟಿಲ ಮೇಲಿದ್ದರು. ಪಾಪ, ಲಾಡ್ಜಿನವನದೇನೂ ತಪ್ಪಿಲ್ಲ. ಅವನಿಗೆ ಕಾಕಾ ಫೋನು ಮಾಡಿದ್ದು ಸಂಕ್ರಾಂತಿಯ ಚಳಿಯಲ್ಲಿ!

ಇನ್ನೊಂದು ವರ್ಷ ಯಾರೋ ಸಮುದ್ರದ ಗಾಳಿ ತಂಪು ಎಂದರು. ಹೋಗಿ ಬಂದ ಮೇಲೆ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳಿದೆವು. "ಅಂಗಿ ಹಿಂಡಿದ್ರ ಅಲ್ಲೇ ಇನ್ನೊಂದು ಸಮುದ್ರ ಆಗ್ತಿತ್ತು," ಎಂದರು ಕಾಕಾ. ಅಷ್ಟಕ್ಕೆ ಸಮುದ್ರದ ವಿಷಯ ಮುಗಿಯಿತು.

ಇಂಡಿಯ ಮಂದಿಗೆ ಇದಕ್ಕಿಂತ ಒಳ್ಳೆಯ ಕಾಲಹರಣ ಬೇಕೆ? "ಏನ್ರಿ ಸಾವ್ಕಾರ್ರ, ಈ ಸಲ ಹಿಮ ಎಲ್ಲಿ ಬಿದ್ದೈತ್ರಿ?" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಹುಟ್ಟಿದಂದಿನಿಂದ ಇದೇ ಬಿಸಿಲುಂಡ ಗಂಡಸಿಗೆ ಈಗ ಎಲ್ಲಿಂದ ಬಂತು ಈ ನಾಜೂಕು ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಸ್ಟಾಫ್ ರೂಮಿನಲ್ಲಿ ಕಾಕಾನ ಹೊಸ ಹೊಸ ಪ್ರಸಂಗಗಳನ್ನು ಉಪ್ಪುಖಾರ ಹಚ್ಚಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಈ ಎಲ್ಲ ಪ್ರಯಾಣಗಳಲ್ಲಿ ಜೊತೆಗಿದ್ದ ಕಾಕುವಿನ ಬಗ್ಗೆ ನಾನು ಇನ್ನೂ ಏನೂ ಹೇಳಿಲ್ಲ. ಅವರ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ, ಅದೇ ಅವರ ಸ್ವಭಾವ. ತವರು ಗೊಳಸಂಗಿ. ಮಾತು ಕಮ್ಮಿ. ಪ್ರವಾಸ ಎಂದರೆ ಹಿಂದಿನ ದಿನ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಯಾವ ಊರು ಎಂದೂ ಕೇಳದೆ ಹೊರಟು ನಿಲ್ಲುವವರು. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದರು. ಹಿಟ್ಟಿನ ಕೈ ಹಿಟ್ಟಿನಲ್ಲೇ ಇತ್ತಂತೆ. ಕಾವು ಏರಿ ಹಾಗಾಗಿದೆ, ಇನ್ನು ಮೇಲೆ ಕಡುಬೇಸಿಗೆಯಲ್ಲಿ ಇವರನ್ನು ತಂಪಿನಲ್ಲಿಡಿ, ಇನ್ನೊಂದು ಸಲ ಹೀಗಾದರೆ ಜೀವಕ್ಕೆ ಕಷ್ಟ ಎಂದರು ಡಾಕ್ಟರು. ಕಾಕು ಆಸ್ಪತ್ರೆಯ ಮಂಚದ ಮೇಲಿಂದಲೇ ತೀರ್ಪು ಕೊಟ್ಟರು: "ನನ್ನ ಸಂಬಂಧ ಯಾರೂ ಎಲ್ಲೂ ಹೋಗೂದು ಬ್ಯಾಡ. ಮುದುಕಿ ತಂಪ ಹುಡಿಕ್ಯಾಡಕೋತ ಹೊಂಟಾಳಂತ ಮಂದಿ ನಕ್ಕಾರು."

"ನಿನ್ನ ಸಂಬಂಧ ಯಾರ ಹೊಂಟಾರ?" ಎಂದರು ಕಾಕಾ. "ನನಗ ಬಿಸಲ ತಾಳಂಗಿಲ್ಲ. ನನ್ನ ಸಂಬಂಧ ನಾ ಹೊಂಟೇನಿ. ನೀ ರೊಟ್ಟಿ ಕಟಗೊಂಡು ಬಾ, ಅಷ್ಟ."

ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅದರ ಅರ್ಥ ತಿಳಿದದ್ದು ಮಾತ್ರ ಈ ವರ್ಷ.

ಈ ಏಪ್ರಿಲ್‌ನಲ್ಲಿ ಸಾಲೆಯ ರಜೆ ಬಿದ್ದ ಮೇಲೆ ಇಂಡಿಗೆ ಹೋಗಿದ್ದೆ. ಕಾಕಾನಿಗೆ ಊಟದ ಡಬ್ಬಿ ಕೊಡಲು ನಡುಮಧ್ಯಾಹ್ನ ತೋಟಕ್ಕೆ ಹೋದೆ. ನೋಡುತ್ತೇನೆ, ಬಿಸಿಲು ತಾಳದ ನಮ್ಮ ಕಾಕಾ ಟವೆಲನ್ನು ಹೆಗಲ ಮೇಲೆ ಒಗೆದುಕೊಂಡು, ಬರಿತಲೆಯಲ್ಲಿ, ಲಿಂಬೆಯ ಗಿಡಕ್ಕೆ ನೀರು ನಿಲ್ಲಲು ಮಡಿ ಮಾಡುತ್ತಿದ್ದಾರೆ. ಬಾಯಲ್ಲಿ ಏನೋ ಹಾಡು ಬೇರೆ. ನನ್ನನ್ನು ಕಂಡದ್ದೇ ತಡ, ಸಿಕ್ಕಿಬಿದ್ದ ಕಳ್ಳನಂತೆ ಗಡಬಡಿಸಿ ಟವೆಲನ್ನು ತಲೆಗೆ ಸುತ್ತಿಕೊಂಡರು.

"ಕಾಕಾ, ನಿಮಗ ಬಿಸಲ ತಾಳಂಗಿಲ್ಲ ಅಂತೀರಿ?"

"ನಿಮ್ಮ ಕಾಕುಗ ಹೇಳಬ್ಯಾಡ," ಎಂದರು.

ಆಮೇಲೆ ಗಿಡದ ನೆರಳಲ್ಲಿ ಕೂತು, ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು. ಅವರ ಹಳೆಯ ಮನೆ ನನಗೂ ನೆನಪಿದೆ. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ, ಒಳಗೆ ಕಾಲಿಟ್ಟರೆ ಮಡಿಕೆಯ ನೀರಿನ ತಂಪು. ಓಣಿಯವರೆಲ್ಲ ಸ್ಲ್ಯಾಬ್ ಹಾಕಿಸಿದರು, ನಾವೇ ಹಿಂದೆ ಬಿದ್ದೆವು ಎಂದು ಹದಿನಾಲ್ಕು ವರ್ಷದ ಹಿಂದೆ ಕಾಕಾ ಹಟಕ್ಕೆ ಬಿದ್ದು ಅದನ್ನು ಕೆಡವಿಸಿದರು. ಅಡುಗೆಮನೆ ಒಂದನ್ನಾದರೂ ಹಾಗೇ ಬಿಡಿ ಎಂದು ಕಾಕು ಒಂದೇ ಸಲ ಕೇಳಿದ್ದರಂತೆ. ಅದನ್ನೂ ಬಿಡಲಿಲ್ಲ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಮನೆಯೊಳಗೆ ಕಾರತೊಡಗಿತು. ಕೂಲರ್ ತಂದರೆ ಅದರ ಗಾಳಿಗೆ ಒಲೆ ಆರುತ್ತಿತ್ತು.

"ಹಳೇ ಮನ್ಯಾಗ ಗೂಡಿನ್ಯಾಗ ಇಟ್ಟ ಎಣ್ಣಿ ಉಗಾದಿ ತನಕಾ ಗಟ್ಟಿ ಇರ್ತಿತ್ತು ತಂಗಿ. ಹೊಸ ಮನ್ಯಾಗ ಬಂದ ವರ್ಷ ಹಣಿಗಿ ಹಿಡದು ತಲಿ ಹಿಕ್ಕೋತ ಕುಂತಾಗ ಅಕಿ ಒಂದ ಮಾತ ಅಂದ್ಲು. ‘ಇಲ್ಲಿ ಎಣ್ಣಿ ಗಟ್ಟಿ ಆಗವಲ್ದು.’ ಅಷ್ಟ. ಬೈದಿದ್ರ ಚಲೋ ಇತ್ತು."

"ತಪ್ಪಾತು ಅಂತ ಹೇಳ್ರಲಾ ಕಾಕಾ, ಒಂದ ಮಾತು," ಎಂದೆ.

"ಮನಿ ಕೆಡವಿ ಕುಂತೇನಿ. ಯಾವ ಬಾಯ್ಲೆ ಹೇಳ್ಲಿ?" ಎಂದು ಡಬ್ಬಿ ಮುಚ್ಚಿದರು. ರೊಟ್ಟಿ ಅರ್ಧ ಹಾಗೇ ಉಳಿದಿತ್ತು.

ಹದಿನಾಲ್ಕು ವರ್ಷ ಊರೆಲ್ಲ ನಕ್ಕರೂ ತಾನೇ ನಾಜೂಕಿನವನು ಎನ್ನಿಸಿಕೊಂಡ ಮನುಷ್ಯ! ಹೇಳಲಾಗದ ಒಂದು ಮಾತಿಗೆ ಬದಲಾಗಿ ಊರೂರು ಎಣ್ಣೆಯ ಸೀಸೆ ಹೊತ್ತು ತಿರುಗಿದ್ದರು. ಅವತ್ತು ನಾನೂ ಅವರ ಜೊತೆ ಹೋಗುವುದೆಂದು ನಿಶ್ಚಯಿಸಿದೆ.

ಸೊಲ್ಲಾಪುರದ ಮೇಲೆ ಹಾದು ನಾವು ಮೂವರು ಮುಟ್ಟಿದ್ದು ಮಹಾರಾಷ್ಟ್ರದ ಒಂದು ಗುಡ್ಡದ ಊರನ್ನು. ಎತ್ತರದ ಊರು, ಒಳ್ಳೆಯ ಗಾಳಿ. ಕಾಕು ಬಂದ ದಿನವೇ ಮೂರು ತಾಸು ನಿದ್ದೆ ಮಾಡಿದರು. ಎದ್ದು ಎರಡು ರೊಟ್ಟಿ ತಿಂದರು. ಮುಖದಲ್ಲಿ ಕಳೆ ಬಂತು. ನನಗೆ ಇಷ್ಟು ಸಾಕಾಗಿತ್ತು. ಆದರೆ ಕಾಕಾನಿಗೆ? ಸೀಸೆ ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು. ಮರುದಿನ ಮೂರು ಗಂಟೆಗೆ ಕಾಕಾ ಅದನ್ನು ಓರೆ ಮಾಡಿದರು. ಎಣ್ಣೆ ಗಳಗಳ ಈ ಬದಿಯಿಂದ ಆ ಬದಿಗೆ ಹರಿಯಿತು. ಅವರ ಮುಖ ಸಣ್ಣದಾಯಿತು. "ನಪಾಸು. ಇನ್ನೂ ಮ್ಯಾಲಿಂದು ಒಂದ ಊರ ಐತಂತ, ನಾಳೆ ಸಂಜಿ ಬಸ್ಸಿಗೆ ಹೋಗೂನು," ಎಂದು ಚೀಲದ ಕಡೆ ತಿರುಗಿದರು.

ಕಾಕುವಿನ ಮೊಣಕಾಲು ಇನ್ನೊಂದು ಬಸ್ಸನ್ನು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಬಸ್ಸಿನ ವೇಳೆ ಕೇಳಲು ಹೋದಾಗ ಕಾಕು ಸೀಸೆಯನ್ನು ಸೆರಗಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಎದುರಿಗೆ ತಂಪ ಕುಡಿಯೂ ಅಂಗಡಿ ಐತಲಾ ಯವ್ವಾ, ಅಲ್ಲಿ ಫ್ರಿಜ್ಜಿನ್ಯಾಗ ಇಟ್ಟ ಬಾ. ಮೂರ ಹೊಡಿಯೂದ್ರೊಳಗ ತಂದ ಇಡು. ಅವರ ಜೀವ ಒಮ್ಮೆ ತಂಪಾಗ್ಲಿ."

"ಕಾಕು, ನಿಮಗ ಗೊತ್ತೈತೇನ್ರಿ, ಅವರು ಇದನ್ನ ಯಾರ ಸಂಬಂಧ..."

"ಬಿಸಲ ತಾಳದವ್ರು ಬ್ಯಾಸಗ್ಯಾಗ ತ್ವಾಟದಾಗ ಇರ್ತಾರೇನ ತಂಗಿ?" ಎಂದು ಕಾಕು ನಕ್ಕರು. "ಅವರ ಬೆವರಿನ ಅಂಗಿ ಎಲ್ಲಾ ನಾನ ಒಗಿತೇನಿ."

ಅಂಗಡಿಯವನು ಶೀತಪಾನೀಯಗಳ ನಡುವೆ ಎಣ್ಣೆಯ ಸೀಸೆ ಇಡಲು ಮೊದಲು ಒಪ್ಪಲಿಲ್ಲ. ನಾನು ಹರಕುಮುರುಕು ಮರಾಠಿಯಲ್ಲಿ ಕೈ ಮುಗಿದ ಮೇಲೆ ಒಪ್ಪಿದ. ಮೂರಕ್ಕೆ ಐದು ನಿಮಿಷವಿರುವಾಗ ಓಡಿ ಬಂದು ಸೀಸೆಯನ್ನು ಕಿಟಕಿಯಲ್ಲಿಟ್ಟು, ಏನೂ ಅರಿಯದವಳಂತೆ ಹೊರಗಿನ ಗುಡ್ಡ ನೋಡುತ್ತ ನಿಂತೆ.

ದಿನದ ರೂಢಿ ಬಿಡದೆ ಮೂರಕ್ಕೆ ಸರಿಯಾಗಿ ಕಾಕಾ ಬಂದರು. ಸೀಸೆ ಎತ್ತಿದರು. ಓರೆ ಮಾಡಿದರು. ಎಣ್ಣೆ ಅಲುಗಲಿಲ್ಲ. ತಲೆಕೆಳಗೆ ಮಾಡಿದರು. ಆಗಲೂ ಅಲುಗಲಿಲ್ಲ. ಬೆಳ್ಳಗೆ, ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ಸೀಸೆಯ ಹೊರಮೈ ತುಂಬ ನೀರಿನ ಹನಿ! ಫ್ರಿಜ್ಜಿನಿಂದ ತೆಗೆದ ಸೀಸೆ ಬೆವರುತ್ತದೆ ಎನ್ನುವುದು ಗಣಿತದವಳಿಗೆ ಹೊಳೆದಿರಲಿಲ್ಲ. ಒಂದು ಹನಿ ಇಳಿದು ಕಾಕಾನ ಮುಂಗೈ ಮೇಲೆ ಬಿತ್ತು.

ಅವರು ಅದನ್ನು ನೋಡಿದರು. ಎದುರಿನ ಅಂಗಡಿಯನ್ನು ನೋಡಿದರು. ನನ್ನನ್ನು ನೋಡಿದರು. ಕೊನೆಗೆ ಕಾಕುವನ್ನು ನೋಡಿದರು. ಕಾಕು ನೆಲದ ಮೇಲೆ ಕೂತು ತಲೆ ಬಿಚ್ಚಿಕೊಂಡು ಹಣಿಗೆ ಆಡಿಸುತ್ತಿದ್ದರು, ಇತ್ತ ತಿರುಗಲೇ ಇಲ್ಲ. ಕಾಕಾ ಧೋತರದ ಚುಂಗಿನಿಂದ ಸೀಸೆಯನ್ನು ನಿಧಾನಕ್ಕೆ ಒರೆಸಿದರು, ಒಂದು ಹನಿಯೂ ಉಳಿಯದ ಹಾಗೆ.

"ಪಾಸು," ಎಂದರು.

ಬಸ್ಸಿನ ಮಾತು ಅಲ್ಲಿಗೆ ನಿಂತಿತು. ಅವರು ಹೋಗಿ ಕಾಕುವಿನ ಹಿಂದೆ ಕೂತರು. ಕಡ್ಡಿಯಿಂದ ಗಟ್ಟಿ ಎಣ್ಣೆ ಕೆದಕಿ ತೆಗೆದು, ಅಂಗೈಯಲ್ಲಿ ಉಜ್ಜಿ, ಕಾಕುವಿನ ನೆತ್ತಿಗೆ ಹಚ್ಚತೊಡಗಿದರು. ಕಾಕಾ ಕಾಕುವಿನ ತಲೆ ಮುಟ್ಟಿದ್ದನ್ನು ನಾನು ಅದಕ್ಕಿಂತ ಮೊದಲು ಯಾವತ್ತೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ನಿಂತಿತು.

"ಆ ಮಾಳಿಗಿ ನಾ ಕೆಡವಬಾರದಿತ್ತು," ಎಂದರು. ದನಿ ಅವರದೇ ಅಲ್ಲವೆನ್ನುವಷ್ಟು ಸಣ್ಣಗಿತ್ತು.

ಕಾಕು ಕಣ್ಣು ಮುಚ್ಚಿಕೊಂಡೇ ಇದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಊರಿಗೆ ಹೋದ ಮ್ಯಾಲ ಅಡಗಿಮನಿ ಒಂದ ಮಣ್ಣಿಂದ ಕಟ್ಟಸ್ರಿ," ಎಂದರು. "ಈಗ ಹಚ್ರಿ, ಕೈ ಯಾಕ ನಿಲ್ಲಸೀರಿ?"